‘ನಂಗೂ ಕೊಡು’ ಅನ್ನೋದನ್ನ ಅವನಿಗೆ ಯಾರು ಕಲಿಸಿದ್ದಾರೆ?

ಪ್ರಶ್ನೆ: ಟೀಚರಮ್ಮ, ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಹುಳು ಮೇಯಿಸೋ ಮನೆ. ಮಗನಿಗೆ ನಾಲ್ಕೂವರೆ ವರ್ಷ. ಅಂಗನವಾಡಿಗೆ ಹಾಕಿ ಮೂರು ತಿಂಗಳಲ್ಲಿ ಐದು ಮಕ್ಕಳನ್ನ ಕಚ್ಚಿದ್ದಾನೆ. ಮನೆಯಲ್ಲಿ ಹಾಗಲ್ಲ, ಅಜ್ಜಿ ಜೊತೆ ತೆಲುಗಲ್ಲಿ ಪಟಪಟ ಮಾತಾಡುತ್ತಾನೆ. ‘ನೀನೂ ತಿರುಗಿ ಕಚ್ಚು, ಬುದ್ಧಿ ಬರುತ್ತೆ’ ಅಂತ ಪಕ್ಕದ ಮನೆಯವರು ಹೇಳಿದರು. ಒಂದು ಸಲ ಕಚ್ಚಿಯೂಬಿಟ್ಟೆ, ಆಮೇಲೆ ಅವನಿಗಿಂತ ಹೆಚ್ಚು ನಾನೇ ಅತ್ತೆ. ಈಗ ಬೀದಿಯಲ್ಲಿ ಅವನ ಹೆಸರೇ ‘ಕಚ್ಚೋನು’. ಏನು ಮಾಡಲಿ?

ಉತ್ತರ: ನನ್ನ ಎಡ ಮುಂಗೈ ಮೇಲೆ ಅಕ್ಕಿಕಾಳಿನಷ್ಟು ಎರಡು ಬಿಳಿ ಕಲೆ ಇವೆ ತಾಯಿ. ಚಿಂತಾಮಣಿ ಕಡೆ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಇದ್ದದ್ದಕ್ಕೆ ಸಿಕ್ಕ ಸರ್ಟಿಫಿಕೇಟು ಅನ್ನಿ. ಕಚ್ಚಿದವನು ಈಗ ಟೊಮೇಟೊ ಗಾಡಿ ಓಡಿಸುತ್ತಾನೆ, ದಾರಿಯಲ್ಲಿ ಸಿಕ್ಕರೆ ಹಾರ್ನ್ ಹೊಡೆದು ನಗುತ್ತಾನೆ.

ನಿಮ್ಮ ಪತ್ರ ಓದುತ್ತಾ ‘ತೆಲುಗಲ್ಲಿ ಪಟಪಟ’ ಅನ್ನೋ ಕಡೆ ನಿಂತುಬಿಟ್ಟೆ. ನಮ್ಮ ಸೀಮೆಯ ಎಷ್ಟೋ ಮಕ್ಕಳು ಹೀಗೇ, ಮನೆಗೊಂದು ಮಾತು, ಅಂಗನವಾಡಿಗೊಂದು ಮಾತು. ಪಕ್ಕದವನ ಕೈಯಲ್ಲಿ ಚೆಂಡಿದೆ, ಇವನು ‘ನಾಕು ಕಾವಾಲ’ (ನಂಗೆ ಬೇಕು) ಅಂತಾನೆ, ಆ ಮಗುವಿಗೆ ಅರ್ಥವಾಗೋದಿಲ್ಲ. ಇನ್ನೊಂದು ಸಲ ಅಂತಾನೆ. ಮೂರನೇ ಸಲಕ್ಕೆ ಹಲ್ಲು. ಹಾಗಂತ ಮನೆಯಲ್ಲಿ ತೆಲುಗು ಬಿಡಿಸಬೇಡಿ, ಎರಡು ಭಾಷೆ ಇದ್ದರೆ ಮಗುವಿನ ಮಾತು ಕೆಡೋದಿಲ್ಲ. ನಾಲ್ಕು ಕನ್ನಡದ ಮಾತು ಸೇರಿಸಿ, ಸಾಕು: ‘ನಂಗೂ ಕೊಡು’, ‘ಇದು ನಂದು’, ‘ಬೇಡ, ಬಿಡು’, ‘ಟೀಚರ್, ಬನ್ನಿ’. ಬರೀ ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ. ಸಂಜೆ ಹೊತ್ತು ಅವನ ಟ್ರ್ಯಾಕ್ಟರ್ ಗೊಂಬೆ ನೀವು ಇಟ್ಟುಕೊಳ್ಳಿ. ಅವನು ಅಂಗೈ ಚಾಚಿ ‘ನಂಗೂ ಕೊಡು’ ಅಂದ ಕ್ಷಣಕ್ಕೇ ಕೊಟ್ಟುಬಿಡಿ. ‘ಜಾಣ’ ಅನ್ನೋದಕ್ಕಿಂತ ‘ಕೈ ನೀಡಿ ಕೇಳಿದೆಯಲ್ಲ, ಅದಕ್ಕೇ ಸಿಕ್ತು’ ಅನ್ನಿ. ಒಂದು ವಾರ ಕಳೆದ ಮೇಲೆ ಕೊಡೋದನ್ನ ಸ್ವಲ್ಪ ತಡ ಮಾಡಿ, ಕಾಯೋದೂ ಕಲಿಯಬೇಕಲ್ಲ. ಅದಕ್ಕೆ ಕೆರೆ–ದಡ ಆಟದಷ್ಟು ಒಳ್ಳೆಯದು ನಾನು ಕಂಡಿಲ್ಲ. ‘ಕೆರೆ’ ಅಂದರೆ ಹಾರಬೇಕು, ‘ದಡ’ ಅಂದರೆ ಹಿಂದಕ್ಕೆ ಬರಬೇಕು, ಕಾಲು ಎದ್ದರೂ ತಡೆದುಕೊಳ್ಳಬೇಕು. ತಪ್ಪಿದರೆ ಔಟ್ ಮಾಡಬೇಡಿ, ಆಡಿಸುತ್ತಲೇ ಇರಿ.

ಕಚ್ಚಿದ ದಿನ ಮೊದಲು ಓಡಬೇಕಾದ್ದು ಕಚ್ಚಿಸಿಕೊಂಡ ಮಗುವಿನ ಹತ್ತಿರ. ಚರ್ಮ ಸೀಳಿದ್ದರೆ ಸೋಪು ನೀರಲ್ಲಿ ತೊಳೆದು ಆರೋಗ್ಯ ಕೇಂದ್ರಕ್ಕೆ ತೋರಿಸಿ. ಆಮೇಲೆ ಇವನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣಿಗೆ ಕಣ್ಣಿಟ್ಟು, ‘ಸಿಟ್ಟು ಬಂತು ಅಲ್ವಾ. ಕಚ್ಚಬಾರದು, ನೋವಾಗುತ್ತೆ’ ಅನ್ನಿ. ಅಷ್ಟೇ. ಒದ್ದೆ ಬಟ್ಟೆ ಅವನ ಕೈಯಲ್ಲೇ ತರಿಸಿ. ತಿರುಗಿ ಕಚ್ಚೋದು, ಬಾಯಿಗೆ ಖಾರ ಇಡೋದು ಬೇಡವೇ ಬೇಡ. ದೊಡ್ಡವರೂ ಕಚ್ಚಬಹುದು ಅಂತ ಅವನು ಲೆಕ್ಕ ಹಾಕುತ್ತಾನೆ. ನೀವು ಒಂದು ಸಲ ಕಚ್ಚಿದ್ದನ್ನ ಮನಸ್ಸಲ್ಲಿಟ್ಟು ಕೊರಗಬೇಡಿ.

ಇನ್ನೊಂದು ಕೆಲಸ. ಕಚ್ಚಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗೆರೆ ಹಾಕಿ. ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚೋ ನಿದ್ದೆ, ಮುಗಿಸಿ ಎದ್ದ ಮೇಲೆ ಹುಳುವಿಗೆ ಎಷ್ಟು ಸೊಪ್ಪಿದ್ದರೂ ಸಾಲದು. ಹುಳು ಹಣ್ಣಾಗಿ, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟಿಗೆ ಬಿಡೋವರೆಗೆ ನಿಮಗೆ ನಿದ್ದೆ ಇಲ್ಲ, ಅವನನ್ನ ‘ಹುಳು ಮನೆ ಒಳಗೆ ಬರಬೇಡ’ ಅಂತ ಹೊರಗೆ ಅಟ್ಟಿರುತ್ತೀರಿ. ಗೆರೆಗಳು ಆ ವಾರವೇ ಬಿದ್ದಿದ್ದರೆ ನಾನು ಆಶ್ಚರ್ಯಪಡೋದಿಲ್ಲ. ಆ ದಿನಗಳಲ್ಲಿ ಅವನನ್ನ ಹೊತ್ತಿಗೆ ಸರಿಯಾಗಿ ಮಲಗಿಸೋ ಜವಾಬ್ದಾರಿ ಅಜ್ಜಿಗೆ ಒಪ್ಪಿಸಿ.

ಅಂಗನವಾಡಿಯ ಟೀಚರಿಗೆ ನನ್ನ ಹೆಸರು ಹೇಳಿ ಕೇಳಿ: ಊಟದ ತಟ್ಟೆ ಹಂಚೋ ಕೆಲಸ ಇವನಿಗೆ ಕೊಡಲಿ. ಒಂದೊಂದು ಮಗುವಿನ ಹೆಸರು ಹಿಡಿದು ‘ತಗೋ’ ಅನ್ನಬೇಕು. ನನ್ನ ಟೊಮೇಟೊ ಗಾಡಿಯವನು ದಾರಿಗೆ ಬಂದದ್ದು ಆ ತಟ್ಟೆಗಳಿಂದಲೇ.

ಕಿವಿ ಸೋರುತ್ತಾ ಅಂತ ನೋಡಿದ್ದೀರಾ? ಸರಿಯಾಗಿ ಕೇಳಿಸದ ಮಗುವೂ ಹೀಗೇ ಮಾಡುತ್ತೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನ ತಪಾಸಣೆ ಮಾಡಬೇಕು ಅಂತಿದೆ, ಆ ದಿನ ತಪ್ಪಿಸಬೇಡಿ. ಕರೆದರೆ ತಿರುಗೋದಿಲ್ಲ, ತೆಲುಗು ಮಾತೂ ಹೊರಗಿನವರಿಗೆ ತಿಳಿಯೋದಿಲ್ಲ, ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾನೆ ಅಂತಿದ್ದರೆ ಕಾಯದೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ತೋರಿಸಿ.

‘ಕಚ್ಚೋನು’ ಅನ್ನೋದನ್ನ ಮಾತ್ರ ಇವತ್ತೇ ನಿಲ್ಲಿಸಿ. ಜಗಳ ಆಡಿಯಾದರೂ ಸರಿ.

ಪ್ರಶ್ನೆ: ಐದು ವರ್ಷದ ಮೊಮ್ಮಗಳು ಹಾವು–ಏಣಿಯಲ್ಲಿ ಸೋತರೆ ಬೋರ್ಡನ್ನೇ ಎಸೆಯುತ್ತಾಳೆ. ಅದಕ್ಕೆ ದಿನಾ ನಾನೇ ಸೋಲುತ್ತೇನೆ. ಸರಿಯಾ? — ಬಂಗಾರಪೇಟೆಯ ತಾತ

ಉತ್ತರ: ಸೋಲಿ ತಾತಾ, ಆದರೆ ಸುಮ್ಮನೆ ಸೋಲಬೇಡಿ. ‘ಥೂ, ಹಾವು ನುಂಗಿಬಿಡ್ತಲ್ಲ! ಬೇಜಾರಾಯ್ತು. ಇರಲಿ, ಇನ್ನೊಂದಾಟ’ ಅಂತ ಅವಳಿಗೆ ಕೇಳೋ ಹಾಗೆ ಗೊಣಗಿ. ಮೂರು ಆಟಕ್ಕೊಂದು ನೀವು ಗೆಲ್ಲಿ. ಎಸೆದರೆ ಅವತ್ತಿನ ಆಟ ಮುಗೀತು, ಬೈಗುಳ ಬೇಡ. ದಾಳ ಮಾತ್ರ ಇಬ್ಬರೂ ಸೇರಿ ಹುಡುಕಿ, ಮಂಚದ ಕೆಳಗೇ ಇರುತ್ತೆ.