ಮನೆ ಹೊಲಿಗೆಗೆ ಮೊದಲ ಓವರ್‌ಲಾಕ್ ಮೆಷಿನ್: ಮೂರು ದಾರದ್ದೋ ನಾಲ್ಕು ದಾರದ್ದೋ?

ಕೊಡಗಿನ ಗೋಣಿಕೊಪ್ಪದಿಂದ ಕೇಳಿದ್ದೀರಿ. ಮನೆಯಲ್ಲಿ ಮಾಮೂಲಿ ಹೊಲಿಗೆ ಮೆಷಿನ್ ಇದೆ, ನೈಟಿ ಮತ್ತು ಮಕ್ಕಳ ಬಟ್ಟೆ ಹೊಲಿಯುತ್ತೀರಿ, ನಾಲ್ಕು ಸಲ ಒಗೆದರೆ ಒಳಗಿನ ಅಂಚು ನೂಲು ಬಿಡುತ್ತದೆ, ಅಂಚಿಗೆ ದಾರ ಸುತ್ತಿ ನೂಲು ಬಿಡದ ಹಾಗೆ ಮಾಡುವ ಓವರ್‌ಲಾಕ್ ಮೆಷಿನ್ ಬೇಕು, ಅಂಗಡಿಯವರು ಮೂರು ದಾರದ ಬೇಬಿ ಓವರ್‌ಲಾಕ್ ಸಾಕು ಅನ್ನುತ್ತಿದ್ದಾರೆ, ತಗೊಳ್ಳಲಾ ಅಂತ. ನನ್ನನ್ನು ಕೇಳಿದರೆ ಬೇಡ. ಮನೆಗೆಂದೇ ಮಾಡಿದ ನಾಲ್ಕು ದಾರದ ಮೆಷಿನ್ ತಗೊಳ್ಳಿ, ದುಡ್ಡು ಸ್ವಲ್ಪ ಜಾಸ್ತಿಯಾದರೂ.

ಬೇಬಿ ಓವರ್‌ಲಾಕ್ ಕೆಟ್ಟದ್ದು ಅಂತ ಅಲ್ಲ. ದಿನಕ್ಕೆ ಹತ್ತಿಪ್ಪತ್ತು ಬ್ಲೌಸ್ ಅಂಚು ಹೊಡೆಯುವ ಟೈಲರ್‌ಗಳಿಗೆ ಅದು ಸರಿಯಾದದ್ದೇ, ರಿಪೇರಿಯೂ ಸುಲಭ. ಆದರೆ ಕಬ್ಬಿಣದ ಭಾರ, ಮೋಟರ್ ಬೇರೆ, ಬೆಲ್ಟ್ ಬೇರೆ. ಹೊಸಬರ ಕೈಗೆ ಅದರ ಓಟ ಸಿಗುವುದಿಲ್ಲ. ಪಕ್ಕದಲ್ಲೇ ಬ್ಲೇಡ್ ಬಟ್ಟೆಯನ್ನು ಕತ್ತರಿಸುತ್ತಾ ಹೋಗುತ್ತದೆ, ಅಲ್ವಾ? ಒಮ್ಮೆ ತಪ್ಪಿ ಕತ್ತರಿಸಿದರೆ ಬಿಚ್ಚಿ ಮತ್ತೆ ಹೊಲಿಯುವ ಮಾತೇ ಇಲ್ಲ. ನಾಲ್ಕು ದಾರದ್ದರಲ್ಲಿ ಎರಡು ಸೂಜಿ ಇರುತ್ತವೆ. ಟೀ ಶರ್ಟ್, ಟ್ರ್ಯಾಕ್ ಪ್ಯಾಂಟಿನ ಜೋಡಣೆ, ಅಂಚು ಎರಡೂ ಒಂದೇ ಓಟಕ್ಕೆ ಮುಗಿಯುತ್ತದೆ. ಒಂದು ಸೂಜಿ ತೆಗೆದರೆ ಅದೇ ಮೂರು ದಾರದ್ದಾಗುತ್ತದೆ.

ಇನ್ನೊಂದು, ಡಿಫರೆನ್ಷಿಯಲ್ ಫೀಡ್ ಇದೆಯಾ ಅಂತ ಕೇಳಿ. ಬಟ್ಟೆಯನ್ನು ಎಳೆಯುವ ಹಲ್ಲುಗಳು ಅದರಲ್ಲಿ ಎರಡು ಜೊತೆ ಇದ್ದು, ಮುಂದಿನವು ಹಿಂದಿನವಕ್ಕಿಂತ ಬೇಗ ಓಡುವ ಹಾಗೆ ಮಾಡಬಹುದು. ನಮ್ಮ ಚಳಿಗೆ ಮಕ್ಕಳಿಗೆ ಫ್ಲೀಸ್ ಜಾಕೆಟ್ ಹೊಲಿಯದೆ ಇರುತ್ತೀರಾ? ಇದಿಲ್ಲದಿದ್ದರೆ ಅಂಥ ಬಟ್ಟೆಯ ಅಂಚು ಅಲೆ ಅಲೆಯಾಗಿ ನಿಲ್ಲುತ್ತದೆ. ಡಿಫರೆನ್ಷಿಯಲ್ ಫೀಡ್ ಗುಂಡಿಯನ್ನು ಸುಮಾರು 1.5ಕ್ಕೆ ತಿರುಗಿಸಿದರೆ ಚಪ್ಪಟೆಯಾಗಿ ಕೂರುತ್ತದೆ. ತೆಳು ಬಟ್ಟೆ ಸುಕ್ಕಾದರೆ 1ಕ್ಕಿಂತ ಕೆಳಗೆ ಇಳಿಸಬೇಕು.

ಆದರೆ ಹೊಸಬರು ಮೆಷಿನ್ ಮೂಲೆಗೆ ಹಾಕುವುದು ಇದಕ್ಕಲ್ಲ, ದಾರ ಹಾಕುವುದಕ್ಕೆ ಹೆದರಿ. ನನ್ನದು ಬಂದ ಎರಡನೇ ವಾರ, ಜುಲೈ ಮಳೆ, ಕರೆಂಟ್ ಬಂದು ಹೋಗಿ ಮಾಡುತ್ತಿತ್ತು. ಕೆಳಗಿನ ಲೂಪರ್‌ನ, ಅಂದರೆ ಸೂಜಿಯ ಬದಲು ಒಳಗಿನಿಂದ ದಾರದ ಕುಣಿಕೆ ಹಾಕುವ ಕೊಂಡಿಯ, ದಾರ ತುಂಡಾಯಿತು. ಚಿಮುಟದಲ್ಲಿ ಹಿಡಿದು, ಒಳಗಿನ ಆ ಸಣ್ಣ ಕೊಕ್ಕೆಗಳಿಗೆಲ್ಲ ಸಿಕ್ಕಿಸಿ, ಲೂಪರ್ ತೂತಿಗೆ ಪೋಣಿಸಿದೆ. ಎರಡು ಇಂಚು ಹೊಲಿಯುವಷ್ಟರಲ್ಲಿ ಟಪ್ ಅಂತ ಮತ್ತೆ ತುಂಡು. ಎರಡು ದಿನ ಹೀಗೇ. ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಗಿಸಿದೆ, ದಾರ ಬದಲಿಸಿದೆ, ಅಳುವೇ ಬಂತು. ಕೊನೆಗೆ ಗೊತ್ತಾದದ್ದು ಇಷ್ಟೇ: ಸೂಜಿಗಳಲ್ಲಿ ದಾರ ಇರುವಾಗಲೇ ಕೆಳಗಿನ ಲೂಪರ್‌ಗೆ ಪೋಣಿಸಿದರೆ ಎರಡೂ ಒಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಮೊದಲು ಎರಡೂ ಸೂಜಿಯ ದಾರ ತೆಗೆಯಬೇಕು, ಆಮೇಲೆ ಲೂಪರ್, ಸೂಜಿಗಳು ಯಾವಾಗಲೂ ಕೊನೆಗೆ. ಅಂದಿನಿಂದ ಇಂದಿನವರೆಗೆ ಆ ತೊಂದರೆ ಮತ್ತೆ ಬಂದಿಲ್ಲ.

ಅದಕ್ಕೇ ಹೇಳುತ್ತೇನೆ, ಮೈಸೂರಿಗೋ ಎಲ್ಲಿಗೋ ಹೋಗಿ ತಗೊಳ್ಳುವಾಗ ಅಂಗಡಿಯವರು ದಾರ ಹಾಕಿ ತೋರಿಸಿದರೆ ಸಾಲದು. ನಾಲ್ಕೂ ದಾರ ಬಿಚ್ಚಿಸಿ, ನೀವೇ ಕೂತು ಮೊದಲಿಂದ ಪೋಣಿಸಿ. ದಾರ ಹೋಗುವ ದಾರಿ ತೋರಿಸುವ ಬಣ್ಣದ ಗುರುತು ಕಣ್ಣಿಗೆ ಸರಿಯಾಗಿ ಕಾಣುತ್ತದಾ, ಕೆಳಗಿನ ಲೂಪರ್‌ಗೆ ನಿಮ್ಮ ಬೆರಳು ಹೋಗುತ್ತದಾ, ನೋಡಿ. ಮನೆಯಿಂದ ಹತ್ತಿ ಬಟ್ಟೆ, ಹಳೆ ಟೀ ಶರ್ಟ್, ಸ್ವೆಟರ್ ತುಂಡು ಒಯ್ದು ಮೂರನ್ನೂ ಹೊಲಿದು ನೋಡಿ. ಅರ್ಧ ಗಂಟೆ ಕೊಡದ ಅಂಗಡಿ ಬಿಟ್ಟುಬಿಡಿ.

ಸೂಜಿ ಯಾವುದು ಅಂತಲೂ ಕೇಳಿ. ಬ್ರದರ್ 1034ಡಿ, ಜೂಕಿ ಎಂಓ-654ಡಿಇ ಥರದವಕ್ಕೆ ಮನೆ ಮೆಷಿನ್ ಸೂಜಿಯೇ, 130/705ಎಚ್, ಆಗುತ್ತದೆ. ಒಂದು ಸೂಜಿ ಮುರಿದರೆ ಅದಕ್ಕಾಗಿ ಘಟ್ಟ ಇಳಿಯಬೇಕಾಗಬಾರದು. ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸುವ ಯೋಚನೆ ಇದ್ದರೆ ಬೇಡ, ಅಲ್ಲಿಯದು 120 ವೋಲ್ಟ್, ನಮ್ಮದು 230. ನೇರ ಪ್ಲಗ್ ಹಾಕಿದರೆ ಸುಟ್ಟುಹೋಗುತ್ತದೆ.

ದಾರದ ಖರ್ಚಿಗೆ ಹೆದರಬೇಡಿ. ಬಿಳಿ, ಕಪ್ಪು, ಬೂದು ಬಣ್ಣದ ಕೋನ್‌ಗಳಿದ್ದರೆ ಹೆಚ್ಚು ಕಡಿಮೆ ಎಲ್ಲದಕ್ಕೂ ನಡೆಯುತ್ತದೆ. ಬಣ್ಣ ಬದಲಿಸುವಾಗ ಹಳೆಯದನ್ನು ಕೋನ್ ಹತ್ತಿರ ಕತ್ತರಿಸಿ, ಹೊಸದಕ್ಕೆ ಗಂಟು ಹಾಕಿ, ಟೆನ್ಷನ್ ಸೊನ್ನೆಗೆ ಇಳಿಸಿ ನಿಧಾನ ಎಳೆದುಕೊಳ್ಳಿ. ಸೂಜಿ ತೂತಿನಲ್ಲಿ ಮಾತ್ರ ಗಂಟು ದಾಟುವುದಿಲ್ಲ, ಅಲ್ಲಿ ಕತ್ತರಿಸಿ ಕೈಯಲ್ಲೇ ಪೋಣಿಸಿ. ಗುಂಡುಸೂಜಿ ಚುಚ್ಚಿದ್ದರೆ ಬ್ಲೇಡ್ ಹತ್ತಿರ ಬರುವ ಮೊದಲೇ ತೆಗೆಯಿರಿ.

ನಮ್ಮ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ, ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಓವರ್‌ಲಾಕ್ ಒಳಗೆ ಬಟ್ಟೆಯ ಪುಡಿ ತುಂಬಿರುತ್ತದೆ, ಅದು ತೇವ ಹಿಡಿದುಕೊಂಡು ಲೂಪರ್ ತುಕ್ಕು ಹಿಡಿಯುತ್ತದೆ. ಪ್ರತಿ ಸಲ ಹೊಲಿದ ಮೇಲೆ ಬ್ರಶ್‌ನಲ್ಲಿ ಪುಡಿ ತೆಗೆದು, ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ತೋರಿಸಿದ ಕಡೆ ಒಂದೊಂದು ಹನಿ ಮೆಷಿನ್ ಎಣ್ಣೆ ಬಿಟ್ಟು, ಹತ್ತಿ ಬಟ್ಟೆ ಹೊದಿಸಿಡಿ. ಪ್ಲಾಸ್ಟಿಕ್ ಕವರ್ ಹಾಕಬೇಡಿ, ಒಳಗೇ ಬೆವರುತ್ತದೆ. ತಿಂಗಳುಗಟ್ಟಲೆ ಬಿಟ್ಟು ಮತ್ತೆ ತೆಗೆದಾಗ ಮೊದಲು ಚಿಂದಿ ಬಟ್ಟೆ ಮೇಲೆ ಓಡಿಸಿ, ಇಲ್ಲದಿದ್ದರೆ ಹೊಸ ಫ್ರಾಕ್ ಮೇಲೆ ಎಣ್ಣೆ ಕಲೆ ಕೂರುತ್ತದೆ.