ಓದುಗರು ಕೇಳಿದ್ದು: ಕುದುರೆ ಬಿದ್ದರೂ ಈಡು ಹಾರದಿದ್ದರೆ

ಬಾಯಿಂದ ಮದ್ದು ತುಂಬುವ ರೈಫಲ್‌ಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಂಕಿ ಮದ್ದಿಗೆ ಮುಟ್ಟುತ್ತಿಲ್ಲ ಎಂಬ ದೂರಿನವೇ. ಕುದುರೆ ಎಂದರೆ ಇಲ್ಲಿ ಕೋವಿಯಲ್ಲಿ ಏಟು ಹೊಡೆಯುವ ಸುತ್ತಿಗೆಯಂಥ ಭಾಗ, ಈಡು ಎಂದರೆ ನಳಿಗೆಯೊಳಗೆ ತುಂಬಿದ ಮದ್ದು–ಗುಂಡು. ಕೊಳ್ಳುವವರ ಪ್ರಶ್ನೆಯಿಂದ ಶುರು ಮಾಡೋಣ.

ಪ್ರಶ್ನೆ: ಇಂಥ ರೈಫಲ್ ಕೊಳ್ಳುತ್ತಿರುವುದು ಇದೇ ಮೊದಲು. ಚಕಮಕಿ ಕಲ್ಲಿನದು ತಗೊಳ್ಳಲೋ, ಕೇಪಿನದೋ, 209 ಪ್ರೈಮರಿನದೋ?

ಉತ್ತರ: ಮೂರಕ್ಕೂ ಇರುವ ಭೇದ ಬೆಂಕಿ ಹೊತ್ತಿಸುವ ಬಗೆಯದು: ಒಂದರಲ್ಲಿ ಉಕ್ಕಿಗೆ ಉಜ್ಜಿದ ಕಲ್ಲಿನ ಕಿಡಿ, ಇನ್ನೊಂದರಲ್ಲಿ ಏಟಿಗೆ ಸಿಡಿಯುವ ಪುಟ್ಟ ಲೋಹದ ಟೋಪಿ (ಕೇಪು), ಮತ್ತೊಂದರಲ್ಲಿ ಅದೇ ಕೆಲಸದ, ಹೆಚ್ಚು ಬೆಂಕಿ ಕೊಡುವ 209 ಎಂಬ ಪ್ರೈಮರ್. ನಿಮಗೆ ಯಾವ ಮದ್ದು ಸಿಗುತ್ತದೆ ಅನ್ನುವುದನ್ನು ಮೊದಲು ನೋಡಿಕೊಳ್ಳಿ, ಆಮೇಲೆ ಕೋವಿ. ಅಸಲಿ ಕರಿಮದ್ದು ಕಲ್ಲಿನ ಕಿಡಿಗೂ ಹೊತ್ತಿಕೊಳ್ಳುತ್ತದೆ. ಪೈರೋಡೆಕ್ಸ್‌ನಂಥ ಬದಲಿ ಮದ್ದಿಗೆ ಅದಕ್ಕಿಂತ ನೂರು ಡಿಗ್ರಿಗೂ ಹೆಚ್ಚಿನ ಕಾವು ಬೇಕು. ಹಾಗಾಗಿ ಕರಿಮದ್ದು ಸಿಗದ ಕಡೆ ಕಲ್ಲಿನ ಕೋವಿ ಕೊಂಡರೆ ಗೋಳು ತಪ್ಪಿದ್ದಲ್ಲ. ಬದಲಿ ಮದ್ದಿಗೆ ಕೇಪಿನ ಕೋವಿ ಆಗುತ್ತದೆ. ಅದರಲ್ಲೂ 11ನೇ ನಂಬರಿನ ಕೇಪಿಗಿಂತ ದೊಡ್ಡ ಮಸ್ಕೆಟ್ ಕೇಪು ಹೆಚ್ಚು ಬೆಂಕಿ ಕೊಡುತ್ತದೆ. ಆದರೆ ಅದಕ್ಕೆ ಬೇರೆಯೇ ನಿಪ್ಪಲ್ (ಕೇಪು ಕೂರುವ, ತೂತಿರುವ ಪುಟ್ಟ ತಿರುಪು) ಬೇಕು. ಬ್ಲ್ಯಾಕ್‌ಹಾರ್ನ್ 209 ಎಂಬ ಮದ್ದಿಗಂತೂ ಹೆಸರಲ್ಲೇ ಇರುವ 209 ಪ್ರೈಮರೇ ಆಗಬೇಕು.

ಮಳೆ, ಮಂಜಿನಲ್ಲಿ ಪ್ರೈಮರ್ ಮುಂದು, ಕಲ್ಲು ಹಿಂದು. ಆದರೆ ಪ್ರೈಮರಿನ ಕೋವಿಗೆ ಶುಚಿ ಬೇಕಿಲ್ಲ ಅನ್ನುವ ಮಾತನ್ನು ನಂಬಬೇಡಿ. ಹೊಸಬರಿಗೆ ನಮ್ಮ ಆಯ್ಕೆ ಕೇಪಿನದೇ: ಭಾಗಗಳು ಕಡಿಮೆ, ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ನಿಪ್ಪಲ್ ಬದಲಿಸುವುದು ಸಣ್ಣ ಕೆಲಸ.

ಪ್ರಶ್ನೆ: ನನ್ನದು ಕಲ್ಲಿನ ಕೋವಿ. ಕಿಡಿ ಚೆನ್ನಾಗಿ ಬೀಳುತ್ತದೆ, ನಳಿಗೆಯ ಹೊರಗಿನ ಬಟ್ಟಲಿನ ರಂಜಕವೂ (ಕಿಡಿ ಹಿಡಿಯುವ ನುಣುಪು ಮದ್ದು) ಭುಸ್ಸೆಂದು ಉರಿಯುತ್ತದೆ, ಒಳಗಿನ ಈಡು ಮಾತ್ರ ಹಾಗೇ ಕೂತಿರುತ್ತದೆ. ಕಲ್ಲು ಬದಲಿಸಲೇ?

ಉತ್ತರ: ಬಟ್ಟಲು ಉರಿಯುತ್ತಿದೆ ಅಂದಮೇಲೆ ಕಲ್ಲು ತನ್ನ ಕೆಲಸ ಮಾಡಿಯಾಯಿತು. ತೊಂದರೆ ಇರುವುದು ಬಟ್ಟಲಿನಿಂದ ನಳಿಗೆಗೆ ಹೋಗುವ ತೂತಿನಲ್ಲಿ. ಆ ತೂತು ಸಾಮಾನ್ಯವಾಗಿ 1.6 ಮಿ.ಮೀ. ಅಗಲದ್ದು, ಒಂದು ಚೂರು ಒದ್ದೆ ಮಸಿ ಸಾಕು ಮುಚ್ಚಲು. ಹಿತ್ತಾಳೆ ತಂತಿಯನ್ನು ಅದರೊಳಗೆ ತೂರಿಸಿ ತಿರುಗಿಸಿ. ತಂತಿ ಕಪ್ಪಗೆ ಅಂಟಂಟಾಗಿ ಹೊರಬಂದರೆ ಅಲ್ಲಿಗೆ ಕಾರಣ ಸಿಕ್ಕಂತೆ. ಹಿಂದಿನ ಸಲ ಶುಚಿ ಮಾಡಿದಾಗ ಹಚ್ಚಿದ ಎಣ್ಣೆ ಇಳಿದು ಹಿಂಬದಿಯಲ್ಲಿ ನಿಂತಿರುವುದೂ ಉಂಟು. ಅದಕ್ಕೇ ಎಣ್ಣೆ ಹಚ್ಚಿದ ಕೋವಿಯನ್ನು ರಾತ್ರಿ ಬಾಯಿ ಕೆಳಗಾಗಿ ಇಡಬೇಕು, ತುಂಬುವ ಮುಂಚೆ ಒಣ ಬಟ್ಟೆ ಎರಡು ಸಲ ಓಡಿಸಬೇಕು.

ಎರಡನೇ ಕಾರಣ, ರಂಜಕ ಜಾಸ್ತಿ ಹಾಕುವುದು. 4ಎಫ್ ಎಂಬ ತೀರಾ ನುಣುಪಿನ ಪುಡಿ ಮೂರು ಗ್ರೇನ್, ಅಂದರೆ 0.2 ಗ್ರಾಂ ಸಾಕು. ಬಟ್ಟಲು ಅರ್ಧ ತುಂಬಿದರೆ ಹೆಚ್ಚಾಯಿತು. ಈಡಿಗೆ ಬೆಂಕಿ ಮುಟ್ಟಿಸುವುದು ರಂಜಕ ಧಗ್ಗೆಂದಾಗ ಏಳುವ ಕಾವು. ತೂತೇ ಪುಡಿಯಲ್ಲಿ ಹೂತುಹೋದರೆ ಬೆಂಕಿ ಬತ್ತಿಯ ಹಾಗೆ ಒಂದೊಂದೇ ಕಾಳು ಉರಿದುಕೊಂಡು ಒಳಗೆ ಹೋಗಬೇಕು. ‘ಭುಸ್’ ಮತ್ತು ‘ಢಂ’ ನಡುವೆ ಬಿಡುವು ಕೇಳಿಸುವುದು ಆಗಲೇ. ಅಷ್ಟರಲ್ಲಿ ಗುರಿ ಅಲ್ಲಾಡಿರುತ್ತದೆ.

ತೂತು ಸವೆದು 2 ಮಿ.ಮೀ. ದಾಟಿದ್ದರೆ ಲೈನರ್, ಅಂದರೆ ತೂತಿರುವ ಒಳತುಂಡು, ಬದಲಿಸಿ. ಆ ತೂತಿನಿಂದ ಪಕ್ಕಕ್ಕೆ ಬಿಸಿಗಾಳಿ ಚಿಮ್ಮುತ್ತದೆ, ಆ ಬದಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ. ಕನ್ನಡಕ ಕಡ್ಡಾಯ.

ಪ್ರಶ್ನೆ: ನನ್ನದು ತದ್ವಿರುದ್ಧ. ಕಿಡಿಯೇ ಬೀಳುತ್ತಿಲ್ಲ.

ಉತ್ತರ: ಖಾಲಿ ಕೋವಿಯಲ್ಲಿ ಕುದುರೆ ಬೀಳಿಸಿ, ಕಲ್ಲು ಉಜ್ಜುವ ಉಕ್ಕಿನ ಪಟ್ಟಿಯನ್ನು, ಅಂದರೆ ಫ್ರಿಜನ್ನನ್ನು, ಬೆಳಕಿಗೆ ಹಿಡಿದು ನೋಡಿ. ಗೀರು ಅಗಲಕ್ಕೂ ಸಮವಾಗಿ ಬಿದ್ದಿರಬೇಕು. ಒಂದೇ ಬದಿಗಿದ್ದರೆ ಕಲ್ಲು ಓರೆಯಾಗಿ ಕೂತಿದೆ. ಸಡಿಲಿಸಿ, ತೊಗಲಿನ ತುಂಡಿನಲ್ಲಿ ಸುತ್ತಿ ನೇರಕ್ಕೆ ಕೂರಿಸಿ. ಕುದುರೆ ಅರ್ಧ ಏರಿದ್ದಾಗ ಕಲ್ಲಿನ ಅಂಚು ಫ್ರಿಜನ್ನಿಗೆ ತಾಗಬಾರದು, ತೀರಾ ದೂರವೂ ಇರಬಾರದು. ಅಂಚು ಮೊಂಡಾಗಿದ್ದರೆ ಹಿತ್ತಾಳೆ ಕೋಲಿನಿಂದ ಮೆಲ್ಲಗೆ ತಟ್ಟಿ ಚಕ್ಕೆ ಎಬ್ಬಿಸಿ.

ಇಷ್ಟಾದರೂ ಕಿಡಿ ಇಲ್ಲವೇ? ಫ್ರಿಜನ್ ಮೂಲೆಗೆ ಅರ ಹಾಕಿ. ಅರ ಜಾರಿದರೆ ಉಕ್ಕು ಗಟ್ಟಿ ಇದೆ. ಕಚ್ಚಿದರೆ ಮೆತ್ತಗಿದೆ, ಹದ ಹಾಕಿಸಬೇಕು. ಉರಿಯುವುದು ಫ್ರಿಜನ್ನಿನಿಂದ ಕೆರೆದುಬಂದ ಉಕ್ಕಿನ ಚೂರು, ಕಲ್ಲಲ್ಲ. ಮೆತ್ತಗಿನ ಉಕ್ಕಿಗೆ ಎಷ್ಟು ಒಳ್ಳೆ ಕಲ್ಲು ಹಾಕಿದರೂ ವ್ಯರ್ಥ.

ಪ್ರಶ್ನೆ: ಕೇಪಿನ ಕೋವಿ. ಮೊದಲ ಏಟಿಗೆ ಸಿಡಿಯುವುದಿಲ್ಲ, ಅದೇ ಕೇಪು ಎರಡನೇ ಏಟಿಗೆ ಸಿಡಿಯುತ್ತದೆ.

ಉತ್ತರ: ಕೇಪು ನಿಪ್ಪಲ್ಲಿನ ತಲೆಗೆ ತಾಗುವಷ್ಟು ಕೂತಿಲ್ಲ. ಮೊದಲ ಏಟು ಅದನ್ನು ಕೂರಿಸಲು ಖರ್ಚಾಗುತ್ತಿದೆ. ಒಂದು ನಂಬರ್ ದೊಡ್ಡ ಕೇಪು ಅಥವಾ ಬೇರೆ ತಯಾರಕರದ್ದು ಹಾಕಿ ನೋಡಿ. ಇಲ್ಲವೇ ನಿಪ್ಪಲ್ಲಿನ ಕೋನ್ ಅನ್ನು ಸಣ್ಣ ಮರಳುಕಾಗದದಿಂದ ಸ್ವಲ್ಪವೇ ತೆಳುಮಾಡಿ. ಕೇಪು ಸಡಿಲವಾಗಿದ್ದರೆ ಕುದುರೆ ಏರಿಸುವಾಗಲೇ ಉದುರುತ್ತದೆ.

ಹಾರಿಸಿದಾಗ ಕುದುರೆ ತಾನಾಗಿ ಹಿಂದಕ್ಕೆ ಎದ್ದರೆ ಅದು ಬೇರೆ ಸಮಸ್ಯೆ: ನಿಪ್ಪಲ್ಲಿನ ತಳದ ತೂತು ಸವೆದಿದೆ, ಗ್ಯಾಸ್ ವಾಪಸು ಬರುತ್ತಿದೆ. ಹೊಸದು ತರುವಾಗ ಮರೆಯ, ಅಂದರೆ ತಿರುಪಿನ ಸುತ್ತುಗಳ, ಅಳತೆ ಗಮನಿಸಿ. ಕಾಲು ಇಂಚು–28 (ಇಂಚಿಗೆ 28 ಸುತ್ತು) ಮರೆಯ ತೂತಿಗೆ 6×1 ಮಿ.ಮೀ. (6 ಮಿ.ಮೀ. ದಪ್ಪ, 1 ಮಿ.ಮೀ.ಗೆ ಒಂದು ಸುತ್ತು) ನಿಪ್ಪಲ್ ಒಳಗೆ ಹೋಗುತ್ತದೆ, ಕೂತಂತೆಯೂ ಕಾಣುತ್ತದೆ. ಹಾರಿಸಿದಾಗ ಮುಖದ ಕಡೆಗೆ ಕಿತ್ತುಬರಬಹುದು. ಬೆರಳಲ್ಲಿ ತಿರುಗಿಸುವಾಗ ಅಲುಗಾಡಿದರೆ ಅದನ್ನು ಹಾಕಲೇಬೇಡಿ.

ಮದ್ದು ತುಂಬುವ ಮುಂಚೆ ಖಾಲಿ ಕೋವಿಯಲ್ಲಿ ಎರಡು ಕೇಪು ಸಿಡಿಸುವ ಅಭ್ಯಾಸ ಇಟ್ಟುಕೊಳ್ಳಿ. ನಳಿಗೆಯ ಬಾಯನ್ನು ಹುಲ್ಲಿನ ಎಸಳಿನ ಹತ್ತಿರ ಹಿಡಿದು ಸಿಡಿಸಿದಾಗ ಎಸಳು ಅಲುಗಿದರೆ ದಾರಿ ತೆರೆದಿದೆ.

ಪ್ರಶ್ನೆ: 209 ಪ್ರೈಮರಿನ ರೈಫಲ್. ಬ್ರೀಚ್ ಪ್ಲಗ್ (ನಳಿಗೆಯ ಹಿಂಬದಿ ಮುಚ್ಚುವ ತಿರುಪು) ಬಿಚ್ಚಲು ಬರುತ್ತಿಲ್ಲ.

ಉತ್ತರ: ನಳಿಗೆಯ ಹಿಂಬದಿಗೆ ನುಗ್ಗುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಸರಿಯಾದ ವ್ರೆಂಚಿನಿಂದಲೇ ತಿರುಗಿಸಿ. ಇನ್ನು ಮುಂದೆ ಪ್ರತಿ ಸಲ ಹಾರಿಸಿದ ದಿನವೇ ಪ್ಲಗ್ ಬಿಚ್ಚಿ, ಮರೆ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿಸೀಜ್ ಗ್ರೀಸ್ ಹಚ್ಚಿ. ಪ್ಲಗ್ಗಿನೊಳಗಿನ ದಾರಿಯಲ್ಲಿ ಗಟ್ಟಿ ಕರಿ ಕಟ್ಟುತ್ತದೆ, ಬ್ರಷ್ಷಿಗೆ ಬಗ್ಗುವುದಿಲ್ಲ. ಆ ದಾರಿಯ ಅಳತೆಯ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಕೆರೆಯಿರಿ. ಮೆಷಿನ್ನಿಗೆ ಹಾಕಿದರೆ ತೂತೇ ದೊಡ್ಡದಾಗುತ್ತದೆ.

ಪ್ರಶ್ನೆ: ಈಡು ಹಾರದಿದ್ದರೆ ಎಷ್ಟು ಹೊತ್ತು ಕಾಯಬೇಕು? ಆಮೇಲೇನು?

ಉತ್ತರ: ಬಾಯಿ ಗುರಿಯ ಕಡೆಗೇ ಇರಲಿ, ಒಂದು ನಿಮಿಷ ಪೂರ್ತಿ ಕಾಯಿರಿ. ಒಳಗೆ ಒಂದು ಕಿಡಿ ಕೂತಿದ್ದರೂ ಸಾಕು, ಈಡು ತಡವಾಗಿ ಹಾರಬಹುದು. ಆಮೇಲೆ ಕೇಪು ಅಥವಾ ರಂಜಕ ತೆಗೆದು, ದೇಹವನ್ನು ನಳಿಗೆಯ ನೇರಕ್ಕೆ ತರದೆ, ಗಜ (ಮದ್ದು–ಗುಂಡು ಒಳಗೆ ಒತ್ತುವ ಕೋಲು) ಇಳಿಸಿ ಗುಂಡು ಮದ್ದಿನ ಮೇಲೇ ಕೂತಿದೆಯೇ ನೋಡಿ. ಗಜದ ಮೇಲೆ ‘ಖಾಲಿ’ ಮತ್ತು ‘ತುಂಬಿದ್ದು’ ಎಂದು ಎರಡು ಗೆರೆ ಮೊದಲೇ ಹಾಕಿಟ್ಟಿದ್ದರೆ ಇದು ಒಂದು ನೋಟದ ಕೆಲಸ. ಗುಂಡು ಮೇಲೆ ನಿಂತಿದ್ದರೆ ಹಾರಿಸಬೇಡಿ, ನಳಿಗೆ ಉಬ್ಬುತ್ತದೆ. ಮೊದಲು ಕೆಳಗೆ ತಳ್ಳಿ.

ಗುಂಡು ಸರಿಯಾಗಿ ಕೂತಿದ್ದರೆ ತೂತು ಚುಚ್ಚಿ ಮತ್ತೆ ಪ್ರಯತ್ನಿಸಿ. ಆದರೂ ಇಲ್ಲವೆಂದರೆ, ಅಥವಾ ಮದ್ದೇ ಹಾಕದೆ ಗುಂಡು ಇಳಿಸಿಬಿಟ್ಟಿದ್ದರೆ (ಎಲ್ಲರಿಗೂ ಒಂದಲ್ಲ ಒಂದು ದಿನ ಆಗುವಂಥದ್ದು), ನಿಪ್ಪಲ್ ಬಿಚ್ಚಿ ಮೂರ್ನಾಲ್ಕು ಗ್ರೇನ್ ನುಣುಪು ಮದ್ದು ಉದುರಿಸಿ, ಮತ್ತೆ ಬಿಗಿದು, ಗಜದಿಂದ ಗುಂಡು ಅಲುಗಿಲ್ಲವೆಂದು ನೋಡಿಕೊಂಡು, ಹೊಸ ಕೇಪು ಹಾಕಿ ಹಾರಿಸಿ. ಗುಂಡು ಎಳೆಯುವ ಸ್ಕ್ರೂ ಬಳಸಲೇಬೇಕಾದರೆ, ಅದಕ್ಕೂ ಮೊದಲು ನಿಪ್ಪಲ್ಲಿನ ತೂತಿನಿಂದ ನೀರು ಹೊಯ್ದು ಒಳಗಿನ ಮದ್ದನ್ನು ತೋಯಿಸಿ.