ಜೀಪಿಗೆ ರೋಲ್ ಬಾರ್: ಪೈಪ್ ಬಿಡಿ, ಮೊದಲು ಅದರ ಕಾಲು ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ಮಹೀಂದ್ರಾ ಜೀಪ್ ಇದೆ, ಬಿಚ್ಚುವ ಬಟ್ಟೆ ಹುಡ್‌ನದು. ಹುಡ್ ತೆಗೆದು ಕುಂಚಾವರಂ ಕಾಡಿನ ಕಡೆ ಓಡಾಡುತ್ತೇವೆ. ಪಲ್ಟಿಯಾದರೆ ತಲೆ ಕಾಯೋಕೆ ಸೀಟಿನ ಹಿಂದೆ ನಿಲ್ಲುವ ಕಬ್ಬಿಣದ ಕಮಾನು, ಅದೇ ರೋಲ್ ಬಾರ್, ಹಾಕಿಸೋಣ ಅಂತ ನಮ್ಮೂರ ವೆಲ್ಡರ್‌ನ ಕೇಳಿದರೆ, ಒಂದೂವರೆ ಇಂಚಿನ ಜಿಐ ನೀರಿನ ಪೈಪ್ ಬಗ್ಗಿಸಿ ಫ್ಲೋರಿಗೆ ವೆಲ್ಡ್ ಮಾಡಿದರೆ ಆಯ್ತು, ಎರಡು ದಿನದ ಕೆಲಸ ಅಂತಾನೆ. ಸಾಕಾಗುತ್ತಾ?
– ಚಿಂಚೋಳಿಯ ಓದುಗರು

ಉತ್ತರ: ಸಾಕಾಗಲ್ಲ. ಇದನ್ನು ಓದಿ ಹೇಳುತ್ತಿಲ್ಲ, ಮಾಡಿ ಕೆಟ್ಟು ಹೇಳುತ್ತಿದ್ದೇನೆ. ನಾನೂ ಹಿಂದೊಮ್ಮೆ ಇದೇ ಒಂದೂವರೆ ಇಂಚಿನ ಪೈಪ್ ಹಾಕಿಸಿಕೊಂಡು ಎದೆಯುಬ್ಬಿಸಿ ಓಡಾಡಿದವನೇ. ಸೇಡಂ ಕಡೆ ಮಳೆ ಬಿದ್ದ ಮರುದಿನ ಹೊಲದ ಬದು ದಾಟುವಾಗ ಎರೆ ಮಣ್ಣಿನಲ್ಲಿ ಗಾಲಿ ಜಾರಿತು. ನಡೆದು ಹೋಗುವಷ್ಟೇ ವೇಗ ಇತ್ತು, ಆದರೂ ಜೀಪ್ ಮೆಲ್ಲಗೆ ಮಗ್ಗುಲಿಗೆ ಬಿದ್ದು, ಅಲ್ಲಿಂದ ಹೊರಳಿ ಬಾರ್ ಮೇಲೆ ನಿಂತಿತು. ನನ್ನ ಭುಜ ಕಳಚಿತು, ಅಷ್ಟಕ್ಕೇ ಉಳಿದೆ. ಆಮೇಲೆ ನೋಡಿದರೆ ಪೈಪ್ ಬಗ್ಗಿರಲೇ ಇಲ್ಲ. ಬಾರಿನ ಎಡಗಡೆ ಕಾಲು ಮಾತ್ರ ಫ್ಲೋರಿನ ತಗಡು ಹರಿದುಕೊಂಡು ಒಂದು ಗೇಣು ಕೆಳಗೆ ಇಳಿದಿತ್ತು, ಹಪ್ಪಳಕ್ಕೆ ಬೆರಳು ಚುಚ್ಚಿದ ಹಾಗೆ. ಬಾರ್ ಅಷ್ಟು ಇಳಿದರೆ ತಲೆಗೆ ಜಾಗ ಎಲ್ಲಿ ಉಳಿಯಿತು ಹೇಳಿ.

ಅದಕ್ಕೇ ಮೊದಲು ಕಾಲಿನ ಮಾತು. ಇಡೀ ಗಾಡಿಯ ಭಾರ ಬಂದು ಬೀಳೋದು ಅಲ್ಲೇ. ರೇಸ್ ಗಾಡಿಗಳಿಗೆ ನಿಯಮ ಮಾಡುವ ಎಫ್‌ಐಎ ಸಂಸ್ಥೆ ಪ್ರತಿ ಕಾಲಿನ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಅಗಲದ ಪ್ಲೇಟ್ ಕೇಳುತ್ತದೆ. ಅಂದರೆ 12 ಸೆಂ.ಮೀ.ಗೆ 10 ಸೆಂ.ಮೀ., ಹೆಚ್ಚುಕಮ್ಮಿ ನಿಮ್ಮ ಅಂಗೈಯಷ್ಟು. ಬೋಲ್ಟ್ ಎಂ8, ಅಂದರೆ 8 ಮಿ.ಮೀ. ಅಳತೆಯವು, ಕಾಲಿಗೆ ಕನಿಷ್ಠ ಮೂರು. ಬೋಲ್ಟ್ ತಲೆಯ ಮೇಲೆ ಗಟ್ಟಿತನದ ಗುರುತು 8.8 ಅಂತ ಒತ್ತಿರಬೇಕು, ಇಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ನನ್ನ ಕೇಳಿದರೆ ನಮ್ಮ ಜೀಪಿಗೆ ತಗಡಿನ ಮೇಲೊಂದು, ಕೆಳಗೊಂದು ಪ್ಲೇಟ್ ಇಟ್ಟು ನಡುವೆ ತಗಡನ್ನು ಬಿಗಿಯುವುದು ಒಳ್ಳೆಯದು. ನಮ್ಮ ಕಡೆ ಗಾಡಿಗಳಲ್ಲಿ ಮ್ಯಾಟ್ ಕೆಳಗೆ ಕೆಸರು ನಿಂತು ತಗಡು ತುಕ್ಕು ಹಿಡಿದಿರುತ್ತೆ, ಮೊದಲು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಒಳಗೆ ಹೋಯಿತಾ, ಹಾಗಾದರೆ ಬಾರ್ ಆಮೇಲೆ, ಫ್ಲೋರ್ ಮೊದಲು.

ಇನ್ನೊಂದು ವಿಷಯ ವೆಲ್ಡರ್‌ಗಳು ಮರೆಯುತ್ತಾರೆ. ಜೀಪಿನ ಬಾಡಿ ಚಾಸಿಸ್ ಮೇಲೆ ರಬ್ಬರ್ ಇಟ್ಟು ಕೂತಿರುತ್ತೆ, ಹಳ್ಳ ದಿಣ್ಣೆಯಲ್ಲಿ ಎರಡೂ ಬೇರೆ ಬೇರೆ ಹೊರಳುತ್ತವೆ. ಬಾರಿನ ಒಂದು ಕಾಲು ಚಾಸಿಸ್‌ಗೆ, ಇನ್ನೊಂದು ಬಾಡಿಗೆ ಬಿಗಿದರೆ ವರ್ಷದೊಳಗೆ ಎಲ್ಲಾದರೂ ತಗಡು ಬಿರುಕು ಬಿಡುತ್ತೆ. ಎಲ್ಲಾ ಕಾಲೂ ಬಾಡಿಗೇ ಇರಲಿ, ಆದಷ್ಟು ಆ ರಬ್ಬರ್ ಬೋಲ್ಟ್‌ಗಳ ಹತ್ತಿರ.

ಈಗ ಪೈಪ್. ಒಂದೂವರೆ ಇಂಚು ಅಂತ ಮಾರುವ ನೀರಿನ ಪೈಪಿನ ಹೊರ ಅಳತೆ 48.3 ಮಿ.ಮೀ., ದಪ್ಪವೂ ಚೆನ್ನಾಗೇ ಇರುತ್ತೆ, ಹಾಗಾಗಿ ನಿಮ್ಮ ವೆಲ್ಡರ್ ಸುಮ್ನೆ ಹೇಳುತ್ತಿಲ್ಲ. ಆದರೆ ಅದು ನೀರು ಹರಿಸಲು ಮಾಡಿದ್ದು, ಉದ್ದಕ್ಕೂ ಒಂದು ಬೆಸುಗೆಯ ಗೆರೆ ಇರುತ್ತೆ, ಬಗ್ಗಿಸುವಾಗ ಅದೇ ಗೆರೆ ಬಾಯಿ ಬಿಡಬಹುದು. ಮೇಲೆ ಸತುವಿನ ಲೇಪ ಬೇರೆ. ವೆಲ್ಡ್ ಮಾಡುವಾಗ ಬಿಳಿ ಹೊಗೆ ಏಳುತ್ತಲ್ವಾ, ಅದನ್ನು ಕುಡಿದವನಿಗೆ ರಾತ್ರಿ ಚಳಿಜ್ವರ. ಹಾಲು ಕುಡಿದರೆ ಸರಿಹೋಗುತ್ತೆ ಅಂತ ವರ್ಕ್‌ಶಾಪಿನಲ್ಲಿ ಹೇಳುತ್ತಾರೆ, ನಂಬಬೇಡಿ. ಕೇಳಬೇಕಾದ್ದು ಸೀಮ್‌ಲೆಸ್ ಟ್ಯೂಬ್ (ಬೆಸುಗೆ ಗೆರೆ ಇಲ್ಲದ್ದು), ಕೋಲ್ಡ್ ಡ್ರಾನ್ (ಕಾಯಿಸದೆ ಎಳೆದು ಮಾಡಿದ್ದು), 45 ಮಿ.ಮೀ. ಅಳತೆ, 2.5 ಮಿ.ಮೀ. ದಪ್ಪ, ಇಲ್ಲದಿದ್ದರೆ 50ಕ್ಕೆ 2. ಎಫ್‌ಐಎ ಮುಖ್ಯ ಕಮಾನಿಗೆ ಹೇಳುವುದೂ ಇದೇ. ಹಿಂದಕ್ಕೆ ಆನಿಸುವ ಎರಡು ಕೋಲಿಗೆ 38ಕ್ಕೆ 2.5 ಸಾಕು. ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದಿನಿಂದ ತರಿಸಿ. 45ರ ಟ್ಯೂಬ್ ಮೀಟರಿಗೆ ಸುಮಾರು 2.6 ಕೆ.ಜಿ. ತೂಗುತ್ತೆ, ಕೊಳ್ಳುವಾಗ ತಕ್ಕಡಿಗೆ ಹಾಕಿಸಿ. ದಪ್ಪದಲ್ಲಿ ಮೋಸ ಇದ್ದರೆ ತೂಕ ಹೇಳುತ್ತೆ.

ಬಗ್ಗಿಸಿದ ಕಡೆ ಒಳಮಗ್ಗುಲಲ್ಲಿ ಸುಕ್ಕು ಬಿದ್ದರೆ ಆ ಟ್ಯೂಬ್ ಗುಜರಿಗೆ ಹೋಯಿತು ಅಂತಲೇ ಲೆಕ್ಕ. ಪ್ಲಂಬರ್ ಮೆಷಿನ್ ಬೇಡ, ಟ್ಯೂಬಿನ ಅಳತೆಗೆ ಸರಿಯಾದ ಡೈ (ಬಗ್ಗಿಸುವ ಅಚ್ಚು) ಇರುವವರನ್ನು ಹುಡುಕಿ.

ಅಳತೆ ತೆಗೆಯುವಾಗ ಹುಡ್ ಹಾಕಿಯೇ ತೆಗೆಯಿರಿ. ನಾನು ಬಿಚ್ಚಿ ತೆಗೆದಿದ್ದೆ, ಆಮೇಲೆ ಬಟ್ಟೆ ಬಾರಿಗೆ ತಾಗಿ ಒಂದೇ ಮಳೆಗಾಲದಲ್ಲಿ ತೂತು ಬಿದ್ದು ನೀರು ನೇರ ಕುತ್ತಿಗೆಗೆ. 6 ಮಿ.ಮೀ. ಕಬ್ಬಿಣದ ಸರಳು ಬಗ್ಗಿಸಿ ಮಾದರಿ ಮಾಡಿಕೊಳ್ಳಿ, ಬಟ್ಟೆಗೂ ಅದಕ್ಕೂ ಎರಡು ಬೆರಳು ಸಂದಿ ಇರಲಿ. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನು ಸೀಟಿನಲ್ಲಿ ಕೂರಿಸಿ, ಕಮಾನಿನ ನೆತ್ತಿಯಿಂದ ಬಾನೆಟ್ ಮುಂತುದಿಗೆ ದಾರ ಎಳೆಯಿರಿ. ತಲೆ ದಾರಕ್ಕೆ ತಾಗಿದರೆ ಬಾರ್ ಗಿಡ್ಡ ಆಯಿತು. (ರುಮಾಲು ಸುತ್ತುವವರು ರುಮಾಲು ತೆಗೆದು ಕೂರಬಹುದು.) ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಕಳಚಿ, ಡೀಸೆಲ್ ಟ್ಯಾಂಕ್ ಇಳಿಸಿ. ಹುಡ್ ಬಿಚ್ಚಿದ ಜೀಪಿನಲ್ಲಿ ಮೇಲಿನ ಜೋಡಣೆಗೆ ಸುತ್ತಲೂ ಕೈ ಹೋಗುತ್ತೆ, ಹಾಗಾಗಿ ಪೂರ್ತಿ ಸುತ್ತು ವೆಲ್ಡ್ ಕೇಳಿ, ಅಲ್ಲಲ್ಲಿ ಚುಕ್ಕೆ ಇಟ್ಟು ಪುಟ್ಟಿ ಬಳಿದರೆ ಒಪ್ಪಬೇಡಿ.

ಬೆಲ್ಟ್ ಇಲ್ಲದೆ ಇದೆಲ್ಲಾ ದಂಡ. ಗಾಡಿ ಹೊರಳುವಾಗ ನೀವು ಬಾರಿನ ಕೆಳಗೇ ಇರಬೇಕಲ್ಲ. ಇನ್ನು ಕರಿ ಸ್ಪಂಜಿನ ಎಸಿ ಪೈಪ್ ಕವರ್ ಸುತ್ತಿ ಪ್ಯಾಡಿಂಗ್ ಅನ್ನಬೇಡಿ, ಬೆರಳಲ್ಲಿ ಒತ್ತಿದರೆ ಕಬ್ಬಿಣ ತಾಗುತ್ತೆ. ಗಟ್ಟಿ ಫೋಮ್ ಬೇಕು. ಹಿಂದಿನ ಅಡ್ಡ ಬೆಂಚಿನಲ್ಲಿ ಕೂತವರನ್ನು ಈ ಬಾರ್ ಕಾಯುವುದಿಲ್ಲ, ಅದನ್ನು ಹಿಡಿದು ನಿಲ್ಲುವವರನ್ನಂತೂ ಇಲ್ಲವೇ ಇಲ್ಲ.

ಪ್ರಶ್ನೆ: ಪಿಕಪ್‌ಗೆ ಅಂಗಡಿಯಲ್ಲಿ ಸಿಗುವ ಸ್ಟೀಲ್ ರೋಲ್ ಬಾರ್ ಹಾಕಿಸಿದ್ದೇನೆ, ನಾಲ್ಕು ಬೋಲ್ಟ್‌ನದು. ಪಲ್ಟಿಯಾದರೆ ತಡೆಯುತ್ತಾ?
– ಹುಮನಾಬಾದಿನ ಓದುಗರು

ಉತ್ತರ: ಅದು ಲೈಟ್ ಕಟ್ಟೋಕೆ, ಫೋಟೋ ತೆಗೆಯೋಕೆ. ಹಿಂದಿನ ಡಬ್ಬಿಯ ತಗಡಿಗೆ ಕೂತಿರುತ್ತೆ, ಕ್ಯಾಬಿನ್ನಿಗೂ ಅದಕ್ಕೂ ಸಂಬಂಧ ಇಲ್ಲ. ತೆಗೆಸಿ ಅಂತ ಹೇಳಲ್ಲ, ನಂಬಬೇಡಿ ಅಂತೀನಿ.

ಪ್ರಶ್ನೆ: ರೋಲ್ ಬಾರ್ ಹಾಕಿಸಿದರೆ ಆರ್‌ಟಿಒ ಹಿಡಿಯುತ್ತಾರಾ?
– ಶಹಾಪುರದ ಓದುಗರು

ಉತ್ತರ: ಹಿಡಿಯಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಹೇಳಿತು. ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಗಾಡಿ ಒಳಗಿನ ಬಾರಿನಿಂದ ಆರ್‌ಸಿಯ ಯಾವ ವಿವರವೂ ಬದಲಾಗಲ್ಲ ಅಂತ ನೀವು ವಾದಿಸಬಹುದು, ಆದರೆ ರಸ್ತೆ ಮೇಲೆ ನಿಂತು ವಾದ ಮಾಡೋದು ಬೇಡ. ಟ್ಯೂಬ್ ಕೊಳ್ಳುವ ಮೊದಲೇ ಒಂದು ಕೈಚಿತ್ರ ಬರೆದು ಅರ್ಜಿ ಕೊಡಿ, ಯಾದಗಿರಿ ಕಚೇರಿಯಿಂದ ಉತ್ತರ ಲಿಖಿತವಾಗಿ ಪಡೆಯಿರಿ. ವಿಮೆ ಕಂಪನಿಗೂ ಅದರ ಒಂದು ಪ್ರತಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಮುಂದಿನ ಬಂಪರ್‌ಗೆ ಕಬ್ಬಿಣದ ಬುಲ್ ಬಾರ್ ಕೂಡ ಇದ್ದರೆ, ಅರ್ಜಿ ಕೊಡಲು ಹೋಗುವ ಮೊದಲೇ ಅದನ್ನು ಬಿಚ್ಚಿಡಿ. ಅದಕ್ಕೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಬೇಡ ಅಂದಾಗಿದೆ.